ದಾವಣಿಗೆ ಕಟ್ಟಿದ ನಾವೆಗಳು

ಆ ದಿನ ನಾವು ಮಾಡಬೇಕಾಗಿದ್ದ ಕೆಲಸ ದೊಡ್ಡದೇನಲ್ಲ. ಹೊಳೆಯ ಮೇಲೆ ತೇಲುವ ಪಂಪಿನ ಮೋಟರನ್ನು ಕಳಚಿ, ದಡಕ್ಕೆ ತಂದು, ಟ್ರ್ಯಾಕ್ಟರಿಗೆ ಹೇರಿ, ಊರೊಳಗಿನ ಶಾಲೆಯ ವರಾಂಡದಲ್ಲಿ ಇಳಿಸುವುದು. ಮಳೆಗಾಲದಲ್ಲಿ ಹೊಳೆ ಏರುವ ಸುದ್ದಿ ಬಂದಾಗಲೆಲ್ಲ ಮಾಡುವ ಕೆಲಸ. ಊಟದ ಹೊತ್ತಿಗೆ ಕರಜಗಿಗೆ ಬಂದು, ಅಲ್ಲಿಂದ ಎಸ್‌ಟಿ ಬಸ್ಸು ಹಿಡಿದು, ಸಂಜೆಯೊಳಗೆ ಸೋಲಾಪುರದ ಮನೆ ಸೇರುವ ಅಂದಾಜಿನಲ್ಲಿ ನಾನು ಹೊರಟಿದ್ದೆ.

ಪಂಪು ಇರುವುದು ಅಕ್ಕಲಕೋಟ ತಾಲೂಕಿನ ಹೊಳೆದಂಡೆಯ ಒಂದು ಊರಿನಲ್ಲಿ. ಭೀಮಾ ಹೊಳೆಗೆ ಸೀನಾ ಹೊಳೆ ಬಂದು ಕೂಡಿ, ಇನ್ನಷ್ಟು ಮುಂದೆ ಹರಿದ ಮೇಲೆ ಸಿಗುವ ಊರು. ಎದುರು ದಡ ಕರ್ನಾಟಕ. ಸುತ್ತಲಿನ ಕೆಲವು ಹಳ್ಳಿಗಳಿಗೆ ಕುಡಿಯುವ ನೀರು ಹೋಗುವುದು ಅಲ್ಲಿಂದಲೇ. ಆ ಯೋಜನೆಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ನಾನು.

ತೇಲುವ ಪಂಪು ಅಂದರೆ, ಖಾಲಿ ಕಬ್ಬಿಣದ ಪೀಪಾಯಿಗಳನ್ನು ಎರಡು ಸಾಲಾಗಿ ಮಲಗಿಸಿ, ಮೇಲೆ ಚೌಕಟ್ಟು ಬೆಸುಗೆ ಹಾಕಿ, ಅದರ ಮೇಲೆ ದಪ್ಪ ತಗಡು ಹಾಸಿದ ಕಟ್ಟೆ. ನಮ್ಮ ಕಡೆ ಅದಕ್ಕೆ ತರಾಫಾ ಅನ್ನುತ್ತಾರೆ. ನಡುವೆ ಮೋಟರು, ಅದರ ಮೇಲೆ ಎತ್ತರದ ಕಬ್ಬಿಣದ ಕಮಾನು; ಮೋಟರನ್ನು ಎತ್ತುವಾಗ ಚೈನ್ ಪುಲ್ಲಿ ನೇತುಹಾಕುವುದು ಈ ಕಮಾನಿಗೆ. ಹೊಳೆ ಏರಿದರೆ ತರಾಫಾ ಏರುತ್ತದೆ, ಇಳಿದರೆ ಇಳಿಯುತ್ತದೆ. ಕೊಚ್ಚಿಹೋಗದಂತೆ ಹಿಡಿದಿರುವುದು ಎರಡು ಉಕ್ಕಿನ ತಂತಿಹಗ್ಗ. ಒಂದು ಹರಿವಿಗೆ ಎದುರಾಗಿ ಮೇಲ್ಗಡೆಗೆ ಹೋಗುತ್ತದೆ, ಇನ್ನೊಂದು ನೇರ ದಡಕ್ಕೆ. ಎರಡನ್ನೂ ದಡದ ಕಾಂಕ್ರೀಟ್ ದಿಮ್ಮಿಗಳಿಗೆ ಸುತ್ತಿ ಕ್ಲಾಂಪು ಬಿಗಿದಿರುತ್ತೇವೆ. ನೀರು ಏರಿದಂತೆಲ್ಲ ಕ್ಲಾಂಪು ಸಡಿಲಿಸಿ ತಂತಿ ಬಿಡುತ್ತ ಹೋಗಬೇಕು. ಹಗ್ಗ ಗಿಡ್ಡವಾದರೆ ತೇಲುವ ವಸ್ತುವನ್ನು ನೀರಲ್ಲ, ಹಗ್ಗವೇ ಮುಳುಗಿಸುತ್ತದೆ.

ತರಾಫಾದಿಂದ ಸ್ವಲ್ಪ ಕೆಳಗೆ ಊರಿನ ನಾವೆಗಳು ನಿಲ್ಲುತ್ತವೆ. ಕಬ್ಬಿಣದ ಪತ್ರಾ, ಅಂದರೆ ತಗಡು, ಮಡಿಸಿ ಮಾಡಿದ, ಮೀನು ಹಿಡಿಯುವ ಚಿಕ್ಕ ನಾವೆಗಳು. ಜೊತೆಗೆ ಜನರನ್ನು ಆಚೆ ದಡಕ್ಕೆ ದಾಟಿಸುವ ಒಂದು ದೊಡ್ಡ ಕಟ್ಟಿಗೆಯ ನಾವೆ. ಈ ಜನ ಹಿಂದಿನಿಂದ ದನ ಕುರಿ ಸಾಕಿಕೊಂಡು ಬಂದವರು, ಮೀನಿನ ಉದ್ಯೋಗಕ್ಕೆ ಆಮೇಲೆ ಇಳಿದವರು. ಹಾಗಾಗಿ ನಾವೆ ಕಟ್ಟುವುದೂ ಎತ್ತು ಕಟ್ಟಿದ ಹಾಗೆಯೇ. ದಡದುದ್ದಕ್ಕೂ ಒಂದು ದಪ್ಪ ನೈಲಾನ್ ಹಗ್ಗ ಎಳೆದಿರುತ್ತಾರೆ. ಹೊಳೆ ಬರುವ ಕಡೆಯ ಮೇಲಿನ ತುದಿ ನೆಲದಲ್ಲಿ ಹೂತ ರೈಲು ಕಂಬಿಗೆ, ಕೆಳಗಿನ ತುದಿ ಒಂದು ಹುಣಸೆಮರಕ್ಕೆ. ಅದೇ ದಾವಣಿ; ದನಗಳನ್ನು ಸಾಲಾಗಿ ಕಟ್ಟುವ ಹಗ್ಗದ ಹೆಸರೇ ಇದಕ್ಕೂ. ಪ್ರತಿ ನಾವೆಯ ಮೂತಿಯಿಂದ ಒಂದು ಗಿಡ್ಡ ಹಗ್ಗ ಬಂದು ದಾವಣಿಗೆ ಗಂಟಾಗುತ್ತದೆ. ಅದಕ್ಕೆ ಅವರು ಕಣ್ಣಿ ಅನ್ನುತ್ತಾರೆ, ದನದ ಕೊರಳಿಗೆ ಕಟ್ಟುವುದಕ್ಕೂ ಅದೇ ಹೆಸರು, ಅಷ್ಟೇ ಉದ್ದ. ಎತ್ತಿಗೆ ಉದ್ದ ಹಗ್ಗ ಬಿಟ್ಟರೆ ಪಕ್ಕದ್ದನ್ನು ಹಾಯುತ್ತದೆ; ನಾವೆಗೆ ಬಿಟ್ಟರೆ ಪಕ್ಕದ ನಾವೆಯ ಪತ್ರಾ ತಗ್ಗು ಬೀಳುತ್ತದೆ. ಸಾದಾ ನೀರಿನಲ್ಲಿ ಈ ವಿಚಾರದಲ್ಲಿ ತಪ್ಪೇನೂ ಇರಲಿಲ್ಲ.

ದಾವಣಿಯಲ್ಲಿ ಮೇಲಿನ ತುದಿಯ ಮೊದಲ ಜಾಗ ಮಾನದ ಜಾಗ. ಅದು ತಾತ್ಯಾನದು. ದಾಟಿಸುವ ದೊಡ್ಡ ನಾವೆಯ ಯಜಮಾನ, ಎಪ್ಪತ್ತರ ಹತ್ತಿರದ ಮನುಷ್ಯ. ಆ ರೈಲು ಕಂಬಿಯನ್ನು ಅಲ್ಲಿ ಹೂಳಿದವನು ಆತನ ಅಜ್ಜನಂತೆ. ಎರಡನೆಯ ಜಾಗ ಊರೆಲ್ಲ ಮಾವಶಿ ಅಂತ ಕರೆಯುವ ಒಬ್ಬ ಹೆಂಗಸಿನದು. ಗಂಡ ಸೋಲಾಪುರದ ಟಾವೆಲ್ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ಮಾವಶಿ ತಾನೇ ನಾವೆ ನಡೆಸಿ, ತಾನೇ ಬಲೆ ಬಿಟ್ಟು, ತಾನೇ ಸಂತೆಗಳಿಗೆ ಮೀನು ಹೊತ್ತು ಮಾರುತ್ತಿದ್ದಳು. ಹೆಂಗಸಿಗೆ ಎರಡನೆಯ ಜಾಗ ಯಾಕೆ ಎಂದವರ ಜೊತೆ ಒಂದು ಇಡೀ ಬೇಸಿಗೆ ಜಗಳಾಡಿ ಗೆದ್ದವಳು. ಆ ನಾವೆ ಹಿಡಿಯುವುದಕ್ಕೆ ಮುಂಚೆ ಆಕೆ ಪರರ ಹೊಲದಲ್ಲಿ ಕಳೆ ಕೀಳುತ್ತಿದ್ದಳು. "ಮತ್ತ ಬಗ್ಗಂಗಿಲ್ಲ" ಅನ್ನುವುದು ಆಕೆಯ ಒಂದು ಮಾತು.

ಹಿಂದಿನ ದಿನ ಭೀಮೆಯ ಮೇಲ್ಗಡೆಯ ಉಜನಿ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಬಂದಿತ್ತು. ಊರವರು ದಾವಣಿಯನ್ನು ಬಿಚ್ಚಿ, ದಡದ ಇನ್ನೂ ಎತ್ತರದಲ್ಲಿದ್ದ ಇನ್ನೊಂದು ಕಂಬಿಗೆ ಕಟ್ಟಿ, ನಾವೆಗಳನ್ನು ಮೇಲಕ್ಕೆ ಸರಿಸಿದ್ದರು. ಅಷ್ಟು ನೀರಿಗೆ ಆ ಎತ್ತರ ಸಾಕು ಎಂಬುದು ಅವರಿಗೆ ಗೊತ್ತಿತ್ತು.

ನಾನು ದಡಕ್ಕೆ ಇಳಿದಾಗ ಮಾವಶಿ ನಾವೆಯಲ್ಲಿ ಕೂತು ಬಲೆಯ ಕಸ ಬಿಡಿಸುತ್ತಿದ್ದಳು.

"ಏನ್ ಮ್ಯಾಡಂ, ನಮ್ಮ ನೀರು ಬಂದ್ ಮಾಡಾಕ ಬಂದ್ರೇನು?"

"ಬಂದ್ ಮಾಡಾಕಲ್ಲ ಮಾವಶಿ, ಮೋಟರ್ ಉಳಸಾಕ."

"ಮೋಟರ್ ಉಳೀತೈತಿ, ನಮ್ಮ ಗಂಟಲ ಒಣಗತೈತಿ. ಹೊಳಿ ತುಂಬಿ ಹರಿಯೂ ಹೊತ್ನ್ಯಾಗ ಕುಡ್ಯಾಕ ನೀರಿಲ್ಲ. ನಿಮ್ಮ ಕಾಲೇಜಿನ್ಯಾಗ ಇದನ್ನ ಕಲಿಸಿ ಕಳಸ್ಯಾರೇನು?"

ಪಂಪಿನ ಆಪರೇಟರು ನನ್ನ ಹಿಂದೆ ಚೈನ್ ಪುಲ್ಲಿ ಹೊತ್ತು ಬರುತ್ತಿದ್ದರು. ಅದೇ ಊರಿನವರು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಗಳ ನರ್ಸಿಂಗ್ ಕೋರ್ಸಿನ ಸರ್ಟಿಫಿಕೇಟು. ಎರಡನ್ನೂ ನನಗೆ ಹಲವು ಸಲ ತೋರಿಸಿದ್ದರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ.

"ಮಾವಶಿ, ನಿನ್ನ ಗಂಟಲ ಒಣಗಿದ ದಿನ ಊರಿಗಿ ಹಬ್ಬ" ಅಂದರು ಕಾಕಾ.

"ಹಬ್ಬದ ಊಟಕ್ಕ ಮೀನ ಯಾರ ಹತ್ರ ತರ್ತೀದಿ ನೋಡ್ತೀನಿ. ಹತ್ತು, ಕುಂದ್ರು."

ಆಕೆಯೇ ನಮ್ಮಿಬ್ಬರನ್ನೂ ತರಾಫಾಕ್ಕೆ ಬಿಟ್ಟಳು. "ಕೆಲಸ ಆದಮ್ಯಾಲೆ ಕೂಗ್ರಿ. ನನಗ ನಿದ್ದಿ ಹತ್ತಿದ್ರ ಜೋರಾಗಿ ಕೂಗ್ರಿ" ಅಂದು ಮರಳಿ ಹೋಗಿ, ದಾವಣಿಗೆ ನಾವೆ ಕಟ್ಟಿ ದಡ ಏರಿದಳು. ದಡದಲ್ಲಿ ತಾತ್ಯಾ ಮತ್ತು ಇನ್ನಿಬ್ಬರು ಬೋಲ್ಟು ತಿರುಗಿಸುವ ಪಾನಾ ಹಿಡಿದು ದಿಮ್ಮಿಗಳ ಬಳಿ ನಿಂತಿದ್ದರು. ನಾವು ಕೂಗಿದಾಗ ಮೇಲಿನ ತಂತಿ ಸಡಿಲಿಸಿ, ದಡದ ತಂತಿ ಎಳೆದು, ತರಾಫಾವನ್ನು ಒಳಕ್ಕೆ ತರುವುದು ಅವರ ಕೆಲಸ.

ಸ್ವಿಚ್ ಬೋರ್ಡಿನ ಫ್ಯೂಜುಗಳನ್ನು ನಾನು ಮೊದಲೇ ಕಿತ್ತು ಚೀಲಕ್ಕೆ ಹಾಕಿಕೊಂಡಿದ್ದೆ. ಕೇಬಲ್ಲಿನ ತುದಿ ಬಿಚ್ಚಿ ಟೇಪು ಸುತ್ತಿದೆವು. ಮೋಟರಿನ ಬುಡದ ಬೋಲ್ಟುಗಳನ್ನು ತೆಗೆದು, ಪುಲ್ಲಿಯಿಂದ ಅದನ್ನು ತುಸು ಎತ್ತಿ ಕಮಾನಿಗೆ ನೇತುಬಿಟ್ಟೆವು. ಆಮೇಲೆ ನೀರು ಒಯ್ಯುವ ರಬ್ಬರ್ ಪೈಪಿನ ಬೋಲ್ಟುಗಳು. ಎಲ್ಲ ಬಿಚ್ಚಿದವು, ಒಂದು ಮಾತ್ರ ತುಕ್ಕು ತಿಂದು ಕೂತಿತ್ತು. ಡೀಸೆಲ್ ಸುರಿದೆವು, ಸುತ್ತಿಗೆಯಿಂದ ಬಡಿದೆವು, ಕೊನೆಗೆ ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡಿನಿಂದ ಕೊಯ್ಯಲು ಕೂತೆವು.

ನನ್ನ ಮನಸ್ಸು ಈಗಲೂ ಮೊದಲು ಹೋಗುವುದು ಆ ಬೋಲ್ಟಿನ ಬಳಿಗೆ. ಅದನ್ನು ಬಿಟ್ಟು ಪೈಪನ್ನೇ ಕಡಿದು ಹಾಕಬಹುದಿತ್ತು. ಕಡಿದಿದ್ದರೆ ಹೊಸ ಪೈಪು ಬರುವತನಕ ಅಷ್ಟು ಹಳ್ಳಿಗಳ ಜನ ಟ್ಯಾಂಕರಿನ ದಾರಿ ಕಾಯಬೇಕಿತ್ತು. ಹೊಳೆ ಶಾಂತವಾಗಿತ್ತು. ಕೊಯ್ಯುತ್ತ ಕೂತೆವು.

ಮೊದಲು ಬಂದದ್ದು ಉಳ್ಳಾಗಡ್ಡಿ. ಒಂದು, ಎರಡು, ಆಮೇಲೆ ಬೊಗಸೆಯಿಂದ ಬಾಚಿಕೊಳ್ಳುವಷ್ಟು ಕೆಂಪು ಗಡ್ಡೆಗಳು ಪೀಪಾಯಿಗಳಿಗೆ ಟಪಟಪ ಬಡಿಯುತ್ತ ಹೋದವು. ನಾನು ನಕ್ಕೆ. ಕಾಕಾ ನಗಲಿಲ್ಲ. ಬ್ಲೇಡು ಕೆಳಗಿಟ್ಟರು.

"ಉಜನಿ ನೀರಿನ ಜೋಡಿ ಜಲಕುಂಭಿ ಕಸ ಬರತೈತ್ರಿ ಮ್ಯಾಡಂ. ಉಳ್ಳಾಗಡ್ಡಿ ಬರಂಗಿಲ್ಲ. ಇದು ಸೀನಾ ಕಡಿದು. ಯಾರದೋ ಉಳ್ಳಾಗಡ್ಡಿ ಕೂಡಿಟ್ಟ ಚಾಳ ಕೊಚ್ಚಿಕೊಂಡ ಬಂದೈತಿ."

"ಅಂದ್ರ ಎರಡೂ ಹೊಳಿ ಕೂಡೇ ಬರಾಕತ್ತಾವೇನು?"

"ಹೌದ್ರಿ. ಇಳಿಯೋಣು ನಡೀರಿ."

ನಾನು ತಲೆಯೆತ್ತಿ ಮೇಲಿನ ತಂತಿಯ ದಿಮ್ಮಿ ಎಲ್ಲಿದೆ ಎಂದು ನೋಡಿದೆ. ದಿಮ್ಮಿ ಕಾಣಲಿಲ್ಲ. ನಾವು ತಲೆ ಬಗ್ಗಿಸಿ ಬೋಲ್ಟು ಕೊಯ್ಯುತ್ತಿದ್ದಾಗ ನೀರು ಅದರ ಮೇಲೆ ಹತ್ತಿತ್ತು. ತಾತ್ಯಾ ಮತ್ತು ಇಬ್ಬರು ಹಿಂದೆ ಸರಿದು ನಿಂತಿದ್ದರು, ಕೈಯಲ್ಲಿ ಪಾನಾ ಹಾಗೇ ಇತ್ತು. ಕ್ಲಾಂಪು ಈಗ ಕೆಸರು ನೀರಿನ ಅಡಿಯಲ್ಲಿ, ಹರಿವಿನ ನಡುವೆ. ಮೇಲಿನ ತಂತಿಯನ್ನು ಇನ್ನು ಯಾರೂ ಸಡಿಲಿಸುವಂತಿರಲಿಲ್ಲ. ಅದು ಎಳೆದು ನಿಂತಿತ್ತು. ತರಾಫಾದ ಮುಂದಿನ ಅಂಚು ಆಗಲೇ ಬಗ್ಗತೊಡಗಿತ್ತು.

ನಾನು ಮಾವಶಿಯನ್ನು ಕೂಗಿದೆ. ಆಕೆ ನಿದ್ದೆಯಲ್ಲಿರಲಿಲ್ಲ, ಆಗಲೇ ನಾವೆಯ ಕಡೆ ಓಡುತ್ತಿದ್ದಳು. ತೊಡೆಯ ಮಟ್ಟದ ನೀರಿಗೆ ಇಳಿದು, ನಿಂತು, ಅತ್ತ ಇತ್ತ ನೋಡಿದಳು. ದಾವಣಿಯ ಕಂಬಿ ಮುಳುಗಿತ್ತು. ಆ ತುದಿಯ ಹಗ್ಗವೂ ಮುಳುಗಿತ್ತು. ಆಕೆಯ ಕಣ್ಣಿಯ ಗಂಟು ಎಲ್ಲೋ ನೀರಿನಡಿಯಲ್ಲಿತ್ತು. ನಾವೆ ಮೂತಿ ಕೆಳಗೆ ಮಾಡಿ ಹಿಂಭಾಗ ಎತ್ತಿ ನಿಂತಿತ್ತು, ಗಿಡ್ಡ ಕಣ್ಣಿಯ ಎತ್ತು ತಲೆ ಎತ್ತಲಾಗದೆ ನಿಂತ ಹಾಗೆ. ಆಕೆ ಇನ್ನೆರಡು ಹೆಜ್ಜೆ ಮುಂದಿಟ್ಟಳು. ತಾತ್ಯಾ ಹಿಂದಿನಿಂದ ಆಕೆಯ ಸೆರಗು ಹಿಡಿದು ಎಳೆದುಕೊಂಡ.

ಆಗ ಮರ ಬಂತು. ದೊಡ್ಡ ಜಾಲಿಮರ, ಬೇರು ಸಮೇತ, ಸಾವಕಾಶ ತಿರುಗುತ್ತ. ಅದು ನಮ್ಮ ತಂತಿಯ ಮೇಲೆ ಅಡ್ಡ ಬಿದ್ದು ಒಂದು ಕ್ಷಣ ನಿಂತಿತು. ಅದರ ಹಿಂದೆ ನೀರು ಗುಡ್ಡೆ ಕಟ್ಟಿತು. ತಂತಿ ಹರಿದ ಸದ್ದು ನನ್ನ ನೆನಪಿನಲ್ಲಿಲ್ಲ; ಇದು ನನಗೆ ವಿಚಿತ್ರ ಅನಿಸುತ್ತದೆ. ನೆನಪಿರುವುದು ಕಾಲಡಿಯ ಕಟ್ಟೆ ಪಕ್ಕಕ್ಕೆ ಜಾರಿದ್ದು, ನಾನು ಕಮಾನನ್ನು ತಬ್ಬಿಕೊಂಡದ್ದು. ದಡದ ತಂತಿ ಇನ್ನೂ ಹಿಡಿದಿತ್ತು, ಆದರೆ ಅದರ ಕ್ಲಾಂಪುಗಳು ಒಂದೊಂದಾಗಿ ಜಾರಿದವು. ಆಮೇಲೆ ನಮ್ಮನ್ನು ಹಿಡಿದದ್ದು ಏನೂ ಇರಲಿಲ್ಲ. ದಡ ನಮ್ಮ ಪಕ್ಕದಿಂದ ಹಿಂದಕ್ಕೆ ಓಡಿತು.

ನಾವು ಹೋಗಿ ಸಿಕ್ಕಿಕೊಂಡದ್ದು ದಾವಣಿಗೆ. ಹುಣಸೆಮರದ ಕಡೆ ಹಗ್ಗವನ್ನು ಎತ್ತರಕ್ಕೆ ಕಟ್ಟಿದ್ದರಿಂದ ಆ ತುದಿ ಇನ್ನೂ ನೀರಿನ ಮೇಲಿತ್ತು. ಕೊನೆಯ ನಾವೆಗೂ ಮರಕ್ಕೂ ನಡುವಿನ ಆ ಜಾಗಕ್ಕೆ ತರಾಫಾ ನುಗ್ಗಿತು. ಹಗ್ಗ ನಮ್ಮ ಕಮಾನಿಗೆ ತಾಗಿ, ಬಿಲ್ಲಿನಂತೆ ಬಾಗಿ, ನಮ್ಮನ್ನು ನಿಲ್ಲಿಸಿತು. ಅಷ್ಟೂ ನಾವೆಗಳ ಭಾರ ಹೊತ್ತಿದ್ದ ಹಗ್ಗ ಈಗ ನಮ್ಮನ್ನೂ ಹೊತ್ತಿತು. ಸಾಲಿನ ಎಲ್ಲ ನಾವೆಗಳ ಮೂತಿಗಳು ಒಟ್ಟಿಗೆ ಕೆಳಗೆ ಜಗ್ಗಿದವು.

ತರಾಫಾ ವಾಲಿತು. ಮೋಟರು ಕಮಾನಿಗೆ ನೇತಾಡುತ್ತಿತ್ತು, ಭಾರ ಎಲ್ಲ ಎತ್ತರದಲ್ಲಿತ್ತು.

"ಕಾಕಾ, ಮೋಟರ್ ಕೆಳಗ ಬಿಡ್ರಿ!"

"ಆಪಟತೈತ್ರಿ, ಒಡೀತೈತಿ!"

"ಆಪಟಲಿ!"

ಕಾಕಾ ಸರಪಳಿ ಬಿಟ್ಟರು. ಮೋಟರು ತಗಡಿನ ಮೇಲೆ ದಢಕ್ಕನೆ ಕೂತಿತು. ತರಾಫಾ ಒಮ್ಮೆ ಹೊರಳಾಡಿ, ಅರ್ಧ ಸರಿಯಾಗಿ ನಿಂತಿತು. ಮುಂದಿನ ಅಂಚಿನ ಮೇಲೆ ನೀರು ಹರಿಯುತ್ತಿತ್ತು. ನಮ್ಮ ಮೈಮೇಲೆ ಲೈಫ್ ಜಾಕೆಟ್ ಇದ್ದವು. ಆದರೆ ತರಾಫಾ ಮಗುಚಿದರೆ ನಾವು ಬೀಳುವುದು ಹರಿವಿಗಲ್ಲ. ಪೀಪಾಯಿ, ಹಗ್ಗ, ನಾವೆಗಳ ನಡುವೆ, ಅವುಗಳ ಅಡಿಗೆ.

ದಡದಿಂದ ತಾತ್ಯಾ ಎರಡೂ ಕೈ ಎತ್ತಿ ಕೂಗುತ್ತಿದ್ದ. "ಥಾಂಬಾ, ತಡೀರಿ! ಏನೂ ಮುಟ್ಟಬ್ಯಾಡ್ರಿ! ಟ್ರ್ಯಾಕ್ಟರ್ ತರಾಕ ಹೋಗ್ಯಾರ! ಹಗ್ಗಕ್ಕ ಹಾಕಿ ಜಗ್ಗತೀವಿ!"

ನಮ್ಮ ಮನೆಯವರದು ಸೋಲಾಪುರದಲ್ಲಿ ಹಗ್ಗ, ಸರಪಳಿ, ತಂತಿ ಮಾರುವ ಅಂಗಡಿ. ನೈಲಾನ್ ಹಗ್ಗ ಹರಿಯುವ ಮೊದಲು ಹೇಗೆ ಕಾಣುತ್ತದೆ ಎಂಬುದನ್ನು ನನಗೆ ಯಾವ ಕಾಲೇಜೂ ಹೇಳಿಕೊಡಬೇಕಾಗಿರಲಿಲ್ಲ. ಅದು ಎಳೆದೆಳೆದು ಮೂಲ ದಪ್ಪದ ಅರ್ಧಕ್ಕೆ ಇಳಿಯುತ್ತದೆ, ಗಟ್ಟಿಯಾಗಿ ಕೋಲಿನಂತಾಗುತ್ತದೆ, ಮೈಮೇಲಿನ ಎಳೆಗಳು ಕೂದಲಂತೆ ನಿಲ್ಲುತ್ತವೆ. ನನ್ನ ಎದೆಯ ಎತ್ತರಕ್ಕಿದ್ದ ಆ ಹಗ್ಗ ಹಾಗೆ ಆಗಿತ್ತು. ಟ್ರ್ಯಾಕ್ಟರು ಬಂದು ಇನ್ನೊಂದು ಜಗ್ಗು ಜಗ್ಗಿದರೆ ಅದು ಹರಿಯುತ್ತದೆ. ಎಲ್ಲಿ ಹರಿಯುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಮೇಲಿನ ಕಡೆ ಹರಿದರೆ ಅಷ್ಟೂ ನಾವೆಗಳು ನಮ್ಮ ಮೇಲೆ ಬಂದು ಬಿದ್ದು, ನಮ್ಮನ್ನು ಹುಣಸೆಮರಕ್ಕೆ ಒತ್ತುತ್ತವೆ.

ಕೆಳಗಿನ ತುದಿಯನ್ನು, ನಮಗೂ ಮರಕ್ಕೂ ನಡುವಿನದನ್ನು, ನಾವೇ ಕಡಿದರೆ? ಆಗ ಇಡೀ ಸಾಲು ಮೇಲಿನ ಕಂಬಿಯಿಂದ ಮಾತ್ರ ನೇತಾಡಿ, ಬಾಗಿಲು ತೆರೆದಂತೆ ಹರಿವಿನ ಜೊತೆ ತಿರುಗುತ್ತದೆ. ನಾವು ಮರದ ಪಕ್ಕದಿಂದ ಹಾದು ಕೆಳಗಿನ ಹಳ್ಳದ ಬಾಯಿಗೆ ಹೋಗುತ್ತೇವೆ. ಅಲ್ಲಿ ಹೊಳೆಯ ನೀರು ಹಿಮ್ಮೆಟ್ಟಿ ಕಬ್ಬಿನ ಹೊಲಕ್ಕೆ ಹೊಕ್ಕು ನಿಂತಿತ್ತು. ಬಿಗಿತ ಹೋದರೆ ಹಿಂದಿನ ನಾವೆಗಳ ಮೂತಿಗಳೂ ಏಳುತ್ತವೆ. ಆದರೆ ಮುಳುಗಿದ ಕಂಬಿಗೆ ಹತ್ತಿರದಲ್ಲಿದ್ದ ಮೊದಲ ಎರಡಕ್ಕೆ ಏಳಲು ಹಗ್ಗವೇ ಇರುವುದಿಲ್ಲ. ಇಡೀ ಸಾಲಿನ ಎಳೆತ ಅವೆರಡರ ಮೇಲೆ ಬೀಳುತ್ತದೆ. ಅವು ಮುಳುಗುತ್ತವೆ.

"ಹಗ್ಗ ಅವರದ್ರಿ" ಅಂದರು ಕಾಕಾ. ಅವರಿಗೂ ಅದೇ ಹೊಳೆದಿತ್ತು. ಕೇಬಲ್ ಸುಲಿಯುವ ಚಾಕು ಆಗಲೇ ಕೈಯಲ್ಲಿತ್ತು. "ಕೇಳ್ರಿ."

"ತಾತ್ಯಾ, ಟ್ರ್ಯಾಕ್ಟರ್ ಜಗ್ಗಿದ್ರ ಹಗ್ಗ ಹರೀತೈತಿ! ಕೆಳಗಿನ ತುದಿ ಕಡೀತೀವಿ! ಮುಂದಿನ ಎರಡು ನಾವಿ ಹೋಗ್ತಾವ!"

ತಾತ್ಯಾನ ಕೈಗಳು ಇಳಿದವು. ಮಾವಶಿ ಮುಂದೆ ಬಂದಳು.

"ಯಾವ ಎರಡು?"

ಆಕೆಗೆ ಗೊತ್ತಿತ್ತು. ಆದರೂ ಕೇಳಿದಳು. ನಾನು ಕೂಗಿದೆ: "ತಾತ್ಯಾಂದು! ನಿಮ್ದು!"

ತಾತ್ಯಾ ಏನೋ ಹೇಳತೊಡಗಿದ. ಟ್ರ್ಯಾಕ್ಟರಿನ ಮಾತೇ ಇರಬೇಕು, ಊರಿನ ಕಡೆ ಕೈ ತೋರಿಸುತ್ತಿದ್ದ. ಮಾವಶಿ ಆತನ ಕಡೆ ನೋಡಲಿಲ್ಲ. ಎತ್ತಿದ ಹಿಂಭಾಗದೊಂದಿಗೆ ನಡುಗುತ್ತಿದ್ದ ತನ್ನ ನಾವೆಯನ್ನು ನೋಡಿದಳು. ಆಮೇಲೆ ನಮ್ಮನ್ನು.

"ಕಡೀರಿ!"

"ಏ, ಸ್ವಲ್ಪ ತಡಿಯವ್ವಾ! ನನ್ನ ನಾವಿ ಐತಿ ಅಲ್ಲಿ!" ಅಂದ ತಾತ್ಯಾ.

"ನಿಂದು ಮೊದಲ ಮುಳಗತೈತಿ, ನಂದು ಅದರ ಹಿಂದ. ಮುಳಗೂದ್ರಾಗೂ ಮಾನ ನಿನಗ ಇರಲಿ ತಗೋ! ಮ್ಯಾಡಂ, ನಮ್ಮ ಮಾರಿ ಏನ್ ನೋಡ್ತೀರಿ? ಕಡೀರಿ ಅಂದ್ನಲ್ಲ!"

ತಾತ್ಯಾ ಕೂತುಬಿಟ್ಟ, ಕೆಸರಿನಲ್ಲೇ. ಬೇಡ ಅನ್ನಲಿಲ್ಲ.

ಕಡಿಯುವುದಕ್ಕೆ ಮೊದಲು ತರಾಫಾವನ್ನು ಹಗ್ಗದ ಮೇಲಿನ ಭಾಗಕ್ಕೆ ಕಟ್ಟಬೇಕಿತ್ತು, ಇಲ್ಲದಿದ್ದರೆ ಕಡಿದೊಡನೆ ಹಗ್ಗ ಕಮಾನಿನಿಂದ ಜಾರಿ ನಾವು ಒಂಟಿಯಾಗಿ ಹೊಳೆಗೆ ಬೀಳುತ್ತಿದ್ದೆವು. ಬಿಗಿದ ಹಗ್ಗವನ್ನು ಸುತ್ತಲಾಗುವುದಿಲ್ಲ. ಪುಲ್ಲಿಯ ಸರಪಳಿಯನ್ನು ತೆಗೆದು, ನಾನು ಅದನ್ನು ದಾವಣಿಗೆ ಬಿಗಿಯಾಗಿ ಹಲವು ಸುತ್ತು ಹಾಕಿದೆ. ಕಾಕಾ ಅದರ ತುದಿಯನ್ನು ಕಮಾನಿನ ಬುಡಕ್ಕೆ ತಂದು ಕೊಕ್ಕೆ ಸಿಕ್ಕಿಸಿದರು. ಕೊನೆಯ ನಾವೆಯ ಕಣ್ಣಿಯ ಗಂಟು ಸರಪಳಿಗೆ ತಡೆಯಾಗಿ ನಿಂತಿತು, ಸರಪಳಿ ಜಾರಲು ಅದು ಬಿಡುತ್ತಿರಲಿಲ್ಲ. ಆ ಗಂಟನ್ನು ಹಾಕಿದವರು ಯಾರೋ ನನಗೆ ಗೊತ್ತಿಲ್ಲ.

"ಅಡ್ಡ ಬೀಳ್ರಿ ಮ್ಯಾಡಂ. ಹಗ್ಗ ಮಾರಿಗಿ ಬಡೀತೈತಿ."

ನಾನು ತಗಡಿನ ಮೇಲೆ ಬೋರಲು ಮಲಗಿದೆ. ನೀರು ನನ್ನ ಮೊಣಕೈ ಮೇಲೆ ಹರಿಯುತ್ತಿತ್ತು. ಕಾಕಾ ಮೋಟರಿನ ಹಿಂದೆ ಮೈ ಅಡಗಿಸಿ, ಕೈಯನ್ನಷ್ಟೇ ಚಾಚಿ ಚಾಕು ಹಚ್ಚಿದರು. ಕೊಯ್ಯಬೇಕಾಗಲೇ ಇಲ್ಲ. ಅಲಗು ತಾಗಿದೊಡನೆ ಹಗ್ಗ ಸಿಡಿಯಿತು. ಆ ಸದ್ದು ಮಾತ್ರ ನನ್ನಲ್ಲಿ ಉಳಿದಿದೆ. ಮನೆಯ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ತಂತಿಯನ್ನು ಯಾರಾದರೂ ಮೀಟಿದರೂ ಸಾಕು, ನಾನು ನೆಲಕ್ಕೆ ಕೂರುತ್ತೇನೆ.

ಹುಣಸೆಮರ ನಮ್ಮ ಪಕ್ಕದಿಂದಲೇ ಹೋಯಿತು, ಅದರ ಒಂದು ಕೊಂಬೆ ಕಮಾನಿಗೆ ಗೀರಿತು. ಸಾಲು ತಿರುಗಿತು. ಹಿಂದಿನ ನಾವೆಗಳು ಒಂದೊಂದಾಗಿ ಮೂತಿ ಎತ್ತಿದವು, ನೀರು ಸುರಿಸಿಕೊಂಡು. ನಾನು ಮಲಗಿದಲ್ಲಿಂದಲೇ ಹಿಂದೆ ತಿರುಗಿ ನೋಡಿದೆ. ತಾತ್ಯಾನ ದೊಡ್ಡ ನಾವೆ ಮೂತಿ ಮುಳುಗಿ, ಹಿಂಭಾಗ ಅಡಿಯ ಡಾಂಬರು ಕಾಣುವಷ್ಟು ಎದ್ದು, ಹಾಗೇ ಇಳಿದುಹೋಯಿತು. ಮಾವಶಿಯದು ಹಗುರ. ಅದು ಪಕ್ಕಕ್ಕೆ ಹೊರಳಿ, ನೀಲಿ ಬಣ್ಣದ ಹೊಟ್ಟೆ ತೋರಿಸಿತು. ಕಣ್ಣಿ ಹರಿದಿರಬೇಕು, ಮಗುಚಿದ ನಾವೆ ಹರಿವಿಗೆ ಬಿದ್ದು ನಮ್ಮನ್ನು ದಾಟಿ ಮುಂದೆ ಹೋಯಿತು. ಸಣ್ಣದಾಗುತ್ತ ಹೋದುದನ್ನು ನಾನು ನೋಡುತ್ತಲೇ ಇದ್ದೆ.

ನಾವು ಹಳ್ಳದ ಬಾಯಿಯಲ್ಲಿ ಕಬ್ಬಿನ ಸುಳಿಗಳ ಮೇಲೆ ಹೋಗಿ ನಿಂತೆವು. ಕಾಕಾ ಮೊದಲು ಇಳಿದು, ನೀರು ಎದೆಮಟ್ಟ ಇದೆ ಅಂತ ನೋಡಿ, ನನ್ನ ಕೈ ಹಿಡಿದರು. ಕಬ್ಬಿನ ಸಾಲಿನಲ್ಲಿ ನಡೆದು ಹೊರಬಂದೆವು. ಎಲೆಗಳು ಮೈಯೆಲ್ಲ ಕೊಯ್ದಿದ್ದು ಆಮೇಲೆ ಗೊತ್ತಾಯಿತು.

ಮಾವಶಿ ನನ್ನನ್ನು ತನ್ನ ಮನೆಗೆ ಕರೆದೊಯ್ದಳು. ಒಣ ಸೀರೆ ಕೊಟ್ಟಳು, ಬೆನ್ನು ಒರೆಸಿದಳು, ಚಹಾ ಕಾಸಿದಳು. ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು, ಬಟ್ಟಲು ಹಿಡಿಯಲಾಗಲಿಲ್ಲ. ಆಕೆಯೇ ಹಿಡಿದು ಕುಡಿಸಿದಳು. ನಾನು ನಾವೆಯ ಮಾತು ತೆಗೆಯಲು ಹೋದಾಗ, "ಚಾ ಕುಡಿ" ಅಂದಳು. ಇನ್ನೊಮ್ಮೆ ತೆಗೆದೆ. "ಸಕ್ರಿ ಸಾಕೇನು?" ಅಂದಳು. ಹೊಸ್ತಿಲ ಹೊರಗೆ ತಾತ್ಯಾ ಬಂದು ಕೂತಿದ್ದ. ಯಾರೂ ಆತನನ್ನು ಕರೆದಿರಲಿಲ್ಲ. ಆತನಿಗೂ ಒಂದು ಬಟ್ಟಲು ಹೋಯಿತು.

ಹೊಳೆ ಇಳಿದ ಮೇಲೆ ತಾತ್ಯಾನ ನಾವೆ ಕಂಬಿಯ ಬುಡದಲ್ಲೇ ಸಿಕ್ಕಿತು. ಮೂತಿಯ ಹಲಗೆಗಳು ಕಿತ್ತಿದ್ದವು, ಉಳಿದದ್ದು ಗಟ್ಟಿಯಿತ್ತು. ಬಡಿಗನನ್ನು ಕರೆಸಿ ದುರಸ್ತಿ ಮಾಡಿಸಿದರು. ಮಾವಶಿಯ ನಾವೆಗಾಗಿ ಊರವರು ಎರಡೂ ದಡ ಹಿಡಿದು ಕೆಳಗಿನ ಬಂಧಾರದ ಒಡ್ಡಿನತನಕ ಹುಡುಕಿದರು. ಸಿಗಲಿಲ್ಲ. ದಾವಣಿ ಬೇಕೋ ಬೇಡವೋ ಎಂಬ ಮಾತು ಗುಡಿಯ ಕಟ್ಟೆಯ ಮೇಲೆ ಬಹಳ ನಡೆಯಿತಂತೆ. ಈಗ ಒಂದೊಂದು ನಾವೆಗೆ ಒಂದೊಂದು ಉದ್ದ ಹಗ್ಗ, ಪ್ರತಿಯೊಂದನ್ನೂ ದಡದ ಮೇಲಿನ ಬೇರೆ ಬೇರೆ ಗಿಡಕ್ಕೆ, ಜಗ್ಗಿದರೆ ಬಿಚ್ಚುವ ಗಂಟಿನಿಂದ ಕಟ್ಟುತ್ತಾರೆ. ನಾವೆಗಳು ಒಂದಕ್ಕೊಂದು ಬಡಿದು ಪತ್ರಾ ತಗ್ಗು ಬೀಳುತ್ತದೆ ಅಂತ ತಾತ್ಯಾ ದಿನಾ ಗೊಣಗುತ್ತಾನೆ. ಅದು ನಿಜವೂ ಹೌದು.

ನಾನು ಕೆಲವು ವಾರ ಆಫೀಸಿನ ಕೆಲಸದಲ್ಲೇ ಇದ್ದೆ. ಮೋಟರಿನ ವೈಂಡಿಂಗ್ ಆಯಿತು, ತರಾಫಾಕ್ಕೆ ಹೊಸ ತಂತಿ ಬಂತು, ದಿಮ್ಮಿಗಳನ್ನು ಇನ್ನೂ ಮೇಲೆ ಕಟ್ಟಿಸಿದೆವು. ಮೋಟರು ಕೂರಿಸುವ ದಿನ ಹೋಗಲೇಬೇಕಾಯಿತು. ಹೊಳೆ ತನ್ನ ಜಾಗಕ್ಕೆ ಇಳಿದಿತ್ತು, ದಡದಿಂದ ತರಾಫಾಕ್ಕೆ ಒಂದು ಹಲಗೆ ಹಾಕಿದ್ದರು. ಕಾಕಾ ಆಚೆ ಹೋಗಿ ಕೆಲಸ ಶುರು ಮಾಡಿದ್ದರು. ನಾನು ಹಲಗೆಯ ಈಚೆ ನಿಂತು ಫೋನು ನೋಡುವವಳಂತೆ ನಟಿಸುತ್ತಿದ್ದೆ.

ಆಗ ಹಿಂದಿನಿಂದ ಮಾವಶಿ ಬಂದಳು. ಬಗಲಲ್ಲಿ ಬಲೆ. ನನ್ನನ್ನು ದಾಟಿ, ಹಲಗೆ ದಾಟಿ, ತರಾಫಾದ ಮೂಲೆಯ ಪೀಪಾಯಿಯ ಮೇಲೆ ಕೂತು ಬಲೆ ಬಿಡಿಸತೊಡಗಿದಳು.

"ಮಾವಶಿ, ಇದು ಸರ್ಕಾರಿ ತರಾಫಾ. ಇಲ್ಲಿ ಮೀನ ಹಿಡಿಯಂಗಿಲ್ಲ" ಅಂದರು ಕಾಕಾ, ಬಗ್ಗಿದಲ್ಲಿಂದಲೇ.

"ಹೌದೇನು? ಸರ್ಕಾರಕ್ಕ ಹೇಳು, ನನ್ನ ನಾವಿ ಎಲ್ಲೈತಿ ಹುಡುಕಿ ಕೊಡಲಿ. ಈ ಗಳಿಗ್ಯಾಗ ಇಳೀತೀನಿ." ಆಮೇಲೆ ನನ್ನ ಕಡೆ ತಿರುಗಿ, "ಮ್ಯಾಡಂ, ಸುಮ್ಮ ನಿಂತೀರಿ, ಬರ್ರಿ. ಈ ತುದಿ ಹಿಡೀರಿ. ಒಬ್ಬಾಕಿಗೆ ಆಗಂಗಿಲ್ಲ ಇದು."

ಆಕೆ ಚಾಚಿದ ತುದಿ ನನ್ನ ಕೈಗೆ ಸಿಗುವಷ್ಟು ಉದ್ದವಿರಲಿಲ್ಲ. ಹಲಗೆ ದಾಟಬೇಕಾಯಿತು. ದಾಟಿ, ಬಲೆಯ ಅಂಚು ಹಿಡಿದು ಕೂತೆ. ತಗಡು ಕಾಲಡಿಯಲ್ಲಿ ಅಲುಗಿದಾಗಲೆಲ್ಲ ನನ್ನ ಕೈ ಬಿಗಿಯಾಗುವುದನ್ನು ಆಕೆ ನೋಡಿಯೂ ನೋಡದಂತೆ ಬಲೆಯನ್ನು ನೀರಿಗೆ ಇಳಿಸುತ್ತಿದ್ದಳು.

ಅಷ್ಟು ದಿನ ಕೇಳಬೇಕೆಂದಿದ್ದನ್ನು ಆಗ ಕೇಳಿದೆ. "ಮಾವಶಿ, ಅವತ್ತು ಕಡೀರಿ ಅಂದ್ರಲ್ಲ. ಒಂದು ಗಳಿಗಿನೂ ವಿಚಾರ ಮಾಡಲಿಲ್ಲ."

"ಮಾಡಿದ್ನಲ್ಲ."

"ಏನ್ ಮಾಡಿದ್ರಿ?"

"ಎರಡು ಹೆಣ ಬಿದ್ದ ಹೊಳಿ ಮೀನ ಯಾರು ತಿಂತಾರ ತಂಗಿ? ವರ್ಷಾನಗಟ್ಲೆ ಬಜಾರದಾಗ ಒಬ್ಬರೂ ಮುಟ್ಟಂಗಿಲ್ಲ." ಬಲೆಯ ಕೊನೆಯ ಗುಂಡು ನೀರಿಗೆ ಬಿಟ್ಟು, ಕೈ ಸೀರೆಗೆ ಒರೆಸಿಕೊಂಡಳು. "ಮಾತು ಸಾಕು. ಮೀನ ಹೆದರ್ತಾವ."